ನಗುವುದಕ್ಕೆಂದು ಓದಿದ ರವಿವಾರಗಳು

ನಮ್ಮ ಮನೆಯಲ್ಲಿ ಅಪ್ಪ ನಗುತ್ತಿದ್ದದ್ದು ರವಿವಾರ ಮುಂಜಾನೆ ಮಾತ್ರ. ವಾರದ ಉಳಿದ ಆರು ದಿನ ಅವರು ನಕ್ಕಿದ್ದು ನನಗೆ ನೆನಪಿಲ್ಲ. ಬೆಳಗಾವಿಯ ಶಹಾಪುರದ ಆ ಬಾಡಿಗೆ ಮನೆಗೆ ಇದ್ದದ್ದು ಮೂರೇ ಕೋಣೆ. ರಸ್ತೆಗೆ ಬಾಗಿಲಿದ್ದ ಪಡಸಾಲೆ, ನಡುವೆ ದೇವರ ಮಾಡವಿದ್ದ ಕತ್ತಲೆ ಕೋಣೆ, ಹಿಂದೆ ಅಡುಗೆಮನೆ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಲ್ಲಿ ಪವರ್‌ಲೂಮ್ ಮಗ್ಗಗಳಿದ್ದವು. ಅವು ಓಡುತ್ತಿರುವಾಗ ನಮ್ಮ ಕಟ್ಟಿಗೆಯ ಹಲಗೆಯ ಮೇಲಿಟ್ಟ ಸ್ಟೀಲಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು; ನಾವೆಲ್ಲ ತುಸು ದನಿಯೇರಿಸಿಯೇ ಮಾತಾಡುತ್ತಿದ್ದೆವು. ರವಿವಾರ ಮಗ್ಗಗಳಿಗೆ ರಜೆ. ಆ ದಿನದ ನಿಶ್ಶಬ್ದದಲ್ಲಿ ಅಪ್ಪ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಪಡಸಾಲೆಯ ಚಾಪೆಯ ಮೇಲೆ ಕೂತು ವಾರಪತ್ರಿಕೆ ಬಿಚ್ಚುತ್ತಿದ್ದರು. ಕಿವಿಯ ಮೇಲೊಂದು ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ಆ ವಾರಪತ್ರಿಕೆಯನ್ನು, ಅದರಲ್ಲೂ ಅದರ ಧಾರಾವಾಹಿಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆದರೆ ಒಂದು ವಾರವೂ ತರುವುದನ್ನು ತಪ್ಪಿಸುತ್ತಿರಲಿಲ್ಲ. ದೊಡ್ಡದಾಗಿ ಓದುತ್ತ ಹೋಗಿ ಎಲ್ಲೋ ಒಂದು ಕಡೆ ಗಕ್ಕನೆ ನಿಂತು ಎಡಹುಬ್ಬು ಏರಿಸುತ್ತಿದ್ದರು. ಅಷ್ಟಾದರೆ ಅಲ್ಲೊಂದು ತಪ್ಪಿದೆ ಎಂದು ಅರ್ಥ. ಅದನ್ನು ಹಿಡಿದು, ಅದರ ಮೇಲೊಂದು ನಗೆಮಾತು ಕಟ್ಟುವುದು ನನ್ನ ಮತ್ತು ಅಣ್ಣ ಬಸವರಾಜನ ಕೆಲಸ. ನಾಯಕಿಯ ಕಣ್ಣಿಂದ ಮುತ್ತುಗಳು ಉದುರಿದರೆ ಅಣ್ಣ, “ಗಿರಿಜಾ, ಡಬ್ಬಿ ತಾ, ಆರಿಸಿ ತುಂಬಿಡೂಣು” ಎನ್ನುತ್ತಿದ್ದ. ಅಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಸೇರದಿದ್ದ ಮೇಲೆ ಯಾಕೆ ತರುತ್ತೀರಿ ಎಂದು ಅಣ್ಣ ಒಮ್ಮೆ ಕೇಳಿಯೂ ಇದ್ದ.

“ಕೆಟ್ಟ ಕನ್ನಡ ಹೆಂಗಿರತೈತಿ ಅಂತ ನಿಮಗ ಗೊತ್ತಾಗಬ್ಯಾಡೇನು?” ಎಂದಿದ್ದರು ಅಪ್ಪ.

ಅದು ಅವರು ಕೊಟ್ಟ ಕಾರಣ. ನಮಗೆ ಬೇಕಾಗಿದ್ದದ್ದು ಬೇರೆ. ಆ ಒಂದು ತಾಸು ಅಪ್ಪ ನಮ್ಮ ಸರಿಸಮ ಕೂಡುತ್ತಿದ್ದರು, ನಮ್ಮ ಮಾತಿಗೆ ಕಾಯುತ್ತಿದ್ದರು. ಶಾಲೆಯಲ್ಲಿ ನೂರಕ್ಕೆ ತೊಂಬತ್ತು ಬಂದರೂ ಬಾರದಿದ್ದ ನಗು ಒಂದು ಒಳ್ಳೆಯ ಕುಹಕಕ್ಕೆ ಬರುತ್ತಿತ್ತು. ಹತ್ತು ವರ್ಷದವಳಿಗೆ ಅದು ತಿಳಿಯದೆ ಹೋದೀತೇ? ಶನಿವಾರವೇ ಪತ್ರಿಕೆಯನ್ನು ಕದ್ದು ಓದಿ, ನಗೆಮಾತುಗಳನ್ನು ಮೊದಲೇ ಜೋಡಿಸಿಟ್ಟುಕೊಂಡು, ಮರುದಿನ ಆಗಷ್ಟೇ ಹೊಳೆದಂತೆ ಹೇಳುವುದನ್ನು ನಾನು ಕಲಿತುಬಿಟ್ಟಿದ್ದೆ.

ಅವ್ವ ಈ ಆಟಕ್ಕೆ ಬರುತ್ತಿರಲಿಲ್ಲ. ಅಡುಗೆಮನೆಯಿಂದ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಖಾನಾಪುರದ ಅವಳ ತವರಿನಲ್ಲಿ ಮನೆಮಾತೆಲ್ಲ ಹೆಚ್ಚುಕಡಿಮೆ ಮರಾಠಿ, ಶಾಲೆಯೂ ಮರಾಠಿಯದೇ. ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಬಂದ ಮೇಲೆ. ರವಿವಾರ ಮಧ್ಯಾಹ್ನ ನಾವು ನಕ್ಕು ಬಿಸಾಡಿದ ಪತ್ರಿಕೆಯನ್ನು, ಕೆಂಪು ಗೀಟುಗಳ ಸಮೇತ, ಅವಳು ತೆಗೆದುಕೊಂಡು ಹಿತ್ತಿಲ ಬಾಗಿಲಲ್ಲಿ ಕೂತು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. “ಮುಂದಿನ ವಾರದ್ದು ಬರೂದರಾಗ ನಿಮ್ಮವ್ವ ಈ ವಾರದ್ದು ಮುಗಸ್ತಾಳ” ಎಂದು ಅಪ್ಪ ಹೇಳುತ್ತಿದ್ದರು. ಅದಕ್ಕೂ ನಾವು ನಗುತ್ತಿದ್ದೆವು.

ನಾನು ಆರನೆಯ ತರಗತಿಯಲ್ಲಿದ್ದಾಗ ಒಂದು ದಿನ ಚನ್ನೂ ಮಾಮಾ ಬಂದ. ಅವ್ವನ ಒಬ್ಬನೇ ತಮ್ಮ. ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಸುಡುವ ಭಟ್ಟಿ ನೋಡಿಕೊಳ್ಳುವ ಕೆಲಸ ಅವನದು. ಎಷ್ಟು ತೊಳೆದರೂ ಅವನ ಉಗುರಿನ ಸುತ್ತ ಕೆಂಪುಮಣ್ಣಿನ ಗೆರೆ ಹೋಗುತ್ತಿರಲಿಲ್ಲ. ಬರುವಾಗಲೆಲ್ಲ ಅವಲಕ್ಕಿಯನ್ನೋ ಹಲಸಿನ ಹಪ್ಪಳವನ್ನೋ ತರುವವನು ಆ ಸಲ ಚೀಲದಿಂದ ಒಂದು ದಪ್ಪ ನೋಟುಬುಕ್ಕನ್ನೂ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅಪ್ಪನ ಮುಂದಿಟ್ಟ. ಅಕ್ಕನ ಗಂಡನನ್ನು ಅವನು ಆ ಕಡೆಯ ರೂಢಿಯಂತೆ ದಾಜಿ ಎಂದು ಕರೆಯುತ್ತಿದ್ದ.

“ದಾಜೀ, ಇದು ನಾ ಬರದದ್ರಿ. ಕನ್ನಡದಾಗ.”

“ಕನ್ನಡ ಯಾವಾಗ ಕಲತೀಪಾ ನೀ?”

“ಸಣ್ಣ ಹುಡುಗೂರ ಪಾಠದ ಪುಸ್ತಕ ತಂದು ಕಲತೇನ್ರಿ. ಭಟ್ಟಿ ಸುಟ್ಟಾದ ಮ್ಯಾಲ ಅದು ಆರೂತನಕಾ ನನಗ ಕೆಲಸ ಕಡಿಮಿ. ಆವಾಗ ಕೂತು ಬರದದ್ದು. ತಪ್ಪ ಭಾಳ ಇರತಾವ. ಪುರಸೊತ್ತ ಆದಾಗ ತಿದ್ದಿ ಕೊಡ್ರಿ.”

ಅವ್ವ ನಡುಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ತಮ್ಮ ಬರೆದಿದ್ದಾನೆಂದು ಅವಳಿಗೂ ಆಗಲೇ ಗೊತ್ತಾಗಿದ್ದು. ಅವನು ಹೋಗುವವರೆಗೂ ಅವಳ ಮುಖದ ಮೇಲೆ ಒಂದು ಬೆಳಕಿತ್ತು. ಹೋಗುವಾಗ ಅವನಿಗೆ ಕಟ್ಟಿಕೊಟ್ಟ ಬುತ್ತಿಯಲ್ಲಿ ನಮಗೆಂದು ಎತ್ತಿಟ್ಟಿದ್ದ ಶೇಂಗಾ ಹೋಳಿಗೆಯನ್ನೂ ಹಾಕಿ ಕೊಟ್ಟಳು.

ಆ ರವಿವಾರ ಅಪ್ಪ ಪತ್ರಿಕೆಯನ್ನು ಬದಿಗಿಟ್ಟು ನೋಟುಬುಕ್ಕು ತೆಗೆದರು. ಅವ್ವ ಮೊದಲ ಸಲ ಕೈ ಒರೆಸಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು. ಅಪ್ಪ ಗಂಟಲು ಸರಿಮಾಡಿಕೊಂಡು ಓದಿದರು: “ಬೆಳಗಾಯಿತು. ಮಳೆ ಬಂದನು. ನದಿ ತುಂಬಿದಳು.” ನಿಂತರು. ಎಡಹುಬ್ಬು ಮೇಲೇರಿತು. ಮರಾಠಿಯಲ್ಲಿ ಮಳೆ ಗಂಡು, ನದಿ ಹೆಣ್ಣು. ಮಾಮಾ ಆ ಲೆಕ್ಕದಲ್ಲೇ ಕನ್ನಡ ಬರೆದಿದ್ದ. ಅಣ್ಣ ಆಗಲೇ ಕಿಸಕ್ಕೆಂದಿದ್ದ. ಈ ಸಲ ಮೊದಲೇ ಓದಿಟ್ಟುಕೊಂಡಿರಲಿಲ್ಲವಲ್ಲ, ನಾನು ಹಿಂದೆ ಬಿದ್ದೆನೆಂಬ ಗಾಬರಿ ನನಗೆ. ತಟ್ಟನೆ ಎದ್ದು, ಮೂಲೆಯಲ್ಲಿದ್ದ ಅಪ್ಪನ ಛತ್ರಿ ಹಿಡಿದು ಬಾಗಿಲಾಚೆ ಹೋಗಿ, ಇಲ್ಲದ ಮೀಸೆ ತಿರುವುತ್ತ ಒಳಗೆ ಬಂದೆ.

“ನಮಸ್ಕಾರ್ರಿ ಮಾಸ್ತರ. ನಾನು ಮಳಿಯಪ್ಪ. ಖಾನಾಪುರದಿಂದ ಬಂದೇನಿ. ನಮ್ಮ ಮನಿಯಾಕಿ ನದೆವ್ವ ಹಿಂದ ತುಂಬಕೋತ ಬರಾಕತ್ತಾಳ. ಚಹಾಕ್ಕ ಇಡ್ರಿ.”

ಅಪ್ಪ ನಕ್ಕರು. ಚಾಪೆಯ ಮೇಲೆ ಒಂದು ಬದಿಗೆ ವಾಲಿ, ಕಣ್ಣೀರು ಒರೆಸಿಕೊಂಡು, ಕೆಮ್ಮು ಬರುವವರೆಗೆ ನಕ್ಕರು. “ಇಕಿ ಖರೇ ನನ್ನ ಮಗಳು” ಎಂದರು. ಅದಕ್ಕಿಂತ ದೊಡ್ಡ ಮಾತನ್ನು ಅವರ ಬಾಯಿಂದ ನಾನು ಆಮೇಲೂ ಕೇಳಲಿಲ್ಲ. ನಾಲ್ಕು ಪುಟ ಹೀಗೇ ಸಾಗಿತು. ಆಮೇಲೆ ಓದುವ ಗೋಜಿಗೂ ಹೋಗದೆ ಅಲ್ಲಲ್ಲಿ ಪುಟ ತಿರುವಿ ತಪ್ಪುಗಳನ್ನಷ್ಟೇ ಆರಿಸತೊಡಗಿದರು. ಒಂದು ಕಡೆ “ನನ್ನಿಂದ ಗಾಡಿ ಚುಕ್ಕಿತು” ಎಂದಿತ್ತು. ಮರಾಠಿಯಲ್ಲಿ ಗಾಡಿ ತಪ್ಪಿತು ಎನ್ನಲು ‘ಚುಕಲಿ’ ಎನ್ನುತ್ತಾರೆ. ಅದನ್ನೇ ಅವನು ಕನ್ನಡಕ್ಕೆ ಎಳೆದು ತಂದಿದ್ದ. “ಗಾಡಿ ಚುಕ್ಕಿ ಆತಂತ! ಆಕಾಶಕ್ಕ ಹೋತು ನೋಡ್ರಿ” ಎಂದರು ಅಪ್ಪ. ನಕ್ಕು ಸಾಕಾಗಿ ತಿರುಗಿ ನೋಡಿದಾಗ ಹೊಸ್ತಿಲು ಖಾಲಿಯಿತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿತ್ತು.

ಎರಡು ವಾರದ ನಂತರ ಮಾಮಾನ ಮೊದಲ ಮಗಳ ತೊಟ್ಟಿಲ ಕಾರ್ಯಕ್ಕೆಂದು ನಾವೆಲ್ಲ ರೈಲಿನಲ್ಲಿ ಖಾನಾಪುರಕ್ಕೆ ಹೋದೆವು. ಮನೆ ತುಂಬ ಜನ. ಕೂಸಿನ ಹೆಸರಿಟ್ಟು ಮುಗಿದಿತ್ತು, ಅಂಗಳದಲ್ಲಿ ಊಟದ ಪಂಕ್ತಿ ಕೂತಿತ್ತು. ಮಕ್ಕಳೆಲ್ಲ ಕಟ್ಟೆಯ ಮೇಲೆ ಎಲೆ ಹಾಕಿಸಿಕೊಂಡು ಕೂತಿದ್ದೆವು. ಮಳಿಯಪ್ಪನ ಆಟ ಮಾಡಿ ತೋರಿಸು ಎಂದು ಅಣ್ಣ ತಿವಿದ. ಅವನು ತಿವಿಯದಿದ್ದರೂ ನಾನು ಮಾಡುತ್ತಿದ್ದೆನೆಂದೇ ಕಾಣುತ್ತದೆ. ಎದ್ದು ನಿಂತು ಮೀಸೆ ತಿರುವಿದೆ. ಮಕ್ಕಳು ನಕ್ಕರು. ಪಂಕ್ತಿಯ ದೊಡ್ಡವರೂ ತುತ್ತು ಬಿಟ್ಟು ಇತ್ತ ತಿರುಗಿದರು. ಅವರು ನಕ್ಕಷ್ಟೂ ನನ್ನ ದನಿ ಏರಿತು. ಮಳಿಯಪ್ಪನ ಜೊತೆಗೆ ಆಕಾಶಕ್ಕೆ ಹೋದ ರೈಲನ್ನೂ ಸೇರಿಸಿದೆ. ಮುಗಿಸಿ ತಿರುಗಿದರೆ ಹಿಂದೆ ಮಾಮಾ ನಿಂತಿದ್ದ, ಗೋಧಿ ಹುಗ್ಗಿಯ ಬಕೆಟ್ಟು ಕೈಯಲ್ಲಿ ಹಿಡಿದು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಖುಷಿಯಿತ್ತು. ಅದನ್ನು ನಾನು ಇವತ್ತಿಗೂ ಮರೆಯಲಾರದೆ ಇದ್ದೇನೆ.

“ಅದು ನಾ ಬರದದ್ದಲ್ಲೇನ? ದಾಜಿ ಓದಿದ್ರೇನು?”

“ಹೂಂ ಮಾಮಾ. ನಾವೆಲ್ಲಾರೂ ಓದಿದಿವಿ.”

“ಕೊನೀತನಕಾ?”

“ಇಲ್ಲ. ನಾಕ ಪುಟಕ್ಕ ನಕ್ಕ ನಕ್ಕ ಸಾಕಾತು.”

ಅವನು ಹೂಂ ಎಂದ. ಸೌಟು ತುಂಬ ಹುಗ್ಗಿ ತೆಗೆದು ನನ್ನ ಎಲೆಗೆ ಹಾಕಿದ. “ತಿನ್ನವಾ, ಆರಿ ಹೋಗತೈತಿ” ಎಂದು ಮುಂದಿನ ಎಲೆಗೆ ಹೋದ. ಸಾಲಿನ ಕೊನೆಯವರೆಗೂ ಒಬ್ಬರನ್ನೂ ಬಿಡದೆ ಬಡಿಸಿದ. ನಾನು ಹುಗ್ಗಿ ತಿಂದೆ. ಏನೋ ಆಗಬಾರದ್ದು ಆಗಿದೆ ಎಂದು ಅನಿಸುತ್ತಿತ್ತು. ಏನೆಂದು ಹೇಳಲು ಬರುತ್ತಿರಲಿಲ್ಲ.

ತಿರುಗಿ ಬರುವಾಗ ಅವ್ವ ರೈಲಿನ ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು. ಅಪ್ಪ ಎರಡು ಸಲ ಮಾತಾಡಿಸಿದರು. ಮೂರನೆಯ ಸಲಕ್ಕೆ ಅವಳು ಕಿಟಕಿ ಬಿಟ್ಟು ಅವರನ್ನು ನೋಡಿದಳು.

“ಗಿರಿಜಾ ಇವತ್ತ ಏನ ಮಾಡಿದ್ಲು, ನೋಡಿದ್ರೇನು?”

“ಸಣ್ಣ ಹುಡುಗಿ, ಆಟಾ ಆಡ್ಯಾಳ. ಅಲ್ಲ, ತಪ್ಪ ಅಂತೂ ತಪ್ಪೇ ಅಲ್ಲೇನು ಸುಶೀಲಾ?”

“ತಪ್ಪ ಐತ್ರಿ. ತಿದ್ದಾಕ ಕೊಟ್ಟಿದ್ದ. ನಗಾಕ ಕೊಟ್ಟಿದ್ದಿಲ್ಲ.”

ಅಷ್ಟೇ. ಅವ್ವ ಮತ್ತೆ ಕಿಟಕಿಯತ್ತ ತಿರುಗಿದಳು. ಅವ್ವ ಅಪ್ಪನಿಗೆ ಹಾಗೆ ಎದುರುತ್ತರ ಕೊಟ್ಟಿದ್ದನ್ನು ನಾವು ಕೇಳಿರಲಿಲ್ಲ. ಅಣ್ಣ ನನ್ನನ್ನು ನೋಡಿದ. ನಾನು ನನ್ನ ಕಾಲ ಬೆರಳುಗಳನ್ನು ನೋಡಿಕೊಂಡೆ.

ಮುಂದಿನ ರವಿವಾರ ಅಪ್ಪ ಏನೂ ಆಗದವರಂತೆ ಚಾಪೆ ಹಾಸಿ ವಾರಪತ್ರಿಕೆ ಬಿಚ್ಚಿದರು. ಅಡುಗೆಮನೆಯಲ್ಲಿ ಸ್ಟವ್ ಆರಿದ ಸಪ್ಪಳವಾಯಿತು. ಅವ್ವ ನೋಟುಬುಕ್ಕು ಹಿಡಿದುಕೊಂಡು ಬಂದಳು. ಹೊಸ್ತಿಲ ಮೇಲಲ್ಲ, ಚಾಪೆಯ ಮೇಲೆಯೇ ಅಪ್ಪನ ಎದುರು ಕೂತು ಅದನ್ನು ಅವರ ಮುಂದಿಟ್ಟಳು.

“ಮೊದಲ ಚನ್ಯಾಂದು ಮುಗಸ್ರಿ.”

“ಅಡಗಿ?”

“ಇವತ್ತ ತಡಾ ಆಗತೈತಿ.”

ಅಪ್ಪ ಓದತೊಡಗಿದರು. ಮೊದಲಿನಿಂದ. ತಪ್ಪು ಬಂದಲ್ಲಿ ರೂಢಿಯಂತೆ ನಿಲ್ಲುತ್ತಿದ್ದರು, ಹುಬ್ಬು ಏರುತ್ತಿತ್ತು, ಅಣ್ಣನ ತುಟಿ ಅರಳಲು ನೋಡುತ್ತಿತ್ತು. ಆಗ ಅವ್ವ ಸಾದಾ ದನಿಯಲ್ಲಿ ಕೇಳುತ್ತಿದ್ದಳು: “ಮುಂದ ಏನಾತ್ರಿ?” ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಅವಳಿಗೆ ಖರೇನೇ ಮುಂದೇನಾಯಿತೆಂದು ಬೇಕಿತ್ತು. ಅಪ್ಪ ಮುಂದಕ್ಕೆ ಓದಲೇಬೇಕಾಗುತ್ತಿತ್ತು. ಒಂದು ರವಿವಾರ ಮುಗಿಯಲಿಲ್ಲ, ಎರಡನೆಯದೂ ಸಾಲಲಿಲ್ಲ. ಎರಡನೆಯ ವಾರದ ಹೊತ್ತಿಗೆ ಅಪ್ಪ ನಿಲ್ಲುವುದು ಕಡಿಮೆಯಾಗಿತ್ತು. ಖಾನಾಪುರದ ಒಂದು ಮನೆ, ಅಲ್ಲಿ ಓದುವುದರಲ್ಲಿ ಮುಂದಿದ್ದ ಒಬ್ಬ ಅಕ್ಕ, ಅವಳ ಹಿಂದೆ ಹಿಂದೆ ತಿರುಗುವ ತಮ್ಮ. ಪುಸ್ತಕದಲ್ಲಿದ್ದದ್ದು ಇಷ್ಟೇ. ಮೂರನೆಯ ರವಿವಾರ ಅಕ್ಕನ ಮದುವೆಯಾಯಿತು. ಅವಳು ಗಂಡನ ಮನೆಗೆ ಹೊರಟ ದಿನ ತಮ್ಮ ಮನೆಯಲ್ಲಿ ಉಳಿದ. ಮೂಲೆಯಲ್ಲಿ ಅವಳು ಮರೆತುಹೋದ ಗಂಟೊಂದು ಅವನ ಕಣ್ಣಿಗೆ ಬಿತ್ತು. ಅಪ್ಪ ಓದಿದ ಆ ಸಾಲುಗಳು ನನಗೆ ಬಾಯಿಪಾಠವಾಗಿವೆ: “ಅಕ್ಕನ ಪುಸ್ತಕಗಳ ಗಂಟು ಎತ್ತಿಕೊಂಡು ಸ್ಟೇಶನ್ನಿಗೆ ಓಡಿದೆ. ಮಳೆ ಬಂದನು. ದಾರಿ ಉದ್ದ ಆದಳು. ನನ್ನಿಂದ ಗಾಡಿ ಚುಕ್ಕಿತು. ಅವಳು ಹೋದ ಮನೆಯಲ್ಲಿ ಈ ಅಕ್ಷರ ಇಲ್ಲ ಎಂದರು. ಹಾಗಾದರೆ ಅಲ್ಲಿಯ ಅಕ್ಷರ ನಾನು ಕಲಿಯುತ್ತೇನೆ ಎಂದು ನಾನು ಹೇಳಿದೆ.”

ಅಪ್ಪ ನಿಂತರು. ಹುಬ್ಬು ಏರಲಿಲ್ಲ. ತಲೆ ಎತ್ತಿ ಅವ್ವನನ್ನು ಕೇಳಿದರು:

“ಇದು ಖರೇನ ಏನು?”

“ಹೂಂ.”

“ಏನ ಪುಸ್ತಕ ಇದ್ದು ಗಂಟಿನ್ಯಾಗ?”

“ಕಥಿ ಪುಸ್ತಕ. ಸಾಲ್ಯಾಗ ಬಹುಮಾನ ಕೊಟ್ಟಿದ್ದು. ಪ್ರತಿ ವರ್ಷಾ ನಾನ ಮೊದಲ ಬರತಿದ್ದೆ.”

“ಹೇಳಲೇ ಇಲ್ಲಲ್ಲ ನೀ.”

“ಯಾರೂ ಕೇಳಲಿಲ್ಲಲ್ರಿ” ಎಂದಳು ಅವ್ವ. ಮತ್ತೆ, “ಓದ್ರಿ, ಇನ್ನೊಂದ ನಾಕ ಪುಟ ಉಳದೈತಿ” ಎಂದಳು.

ಅಪ್ಪ ಕೊನೆಯವರೆಗೆ ಓದಿದರು. ಅವ್ವನನ್ನು ನಾನು ಅವತ್ತು ಮೊದಲ ಸಲ ಕಣ್ಣುತುಂಬ ನೋಡಿದೆನೇನೋ. ಬೆರಳಿಟ್ಟು ಓದುವ ಅವಳನ್ನು ಅರೆ ಅಕ್ಷರಸ್ಥೆಯೆಂದೇ ತಿಳಿದು ಬೆಳೆದಿದ್ದೆ. ನಮ್ಮ ಮನೆಯಲ್ಲಿ ಕಥೆಗಾಗಿ ಕಥೆ ಓದುತ್ತಿದ್ದವಳು ಅವಳೊಬ್ಬಳೇ.

ಮರುವಾರ ಅಪ್ಪ ನನ್ನನ್ನೂ ಕರೆದುಕೊಂಡು ಖಾನಾಪುರಕ್ಕೆ ಹೋದರು. ಮನೆಗೆ ಹೋಗದೆ ನೇರ ಕಾರ್ಖಾನೆಗೇ ಹೋದೆವು. ಒಂದರ ಮೇಲೊಂದು ಅಟ್ಟಿ ಹಚ್ಚಿದ ಹಸಿ ಹಂಚುಗಳ ನಡುವಿನಿಂದ ಮಾಮಾ ಕೈ ಒರೆಸಿಕೊಳ್ಳುತ್ತ ಬಂದ. ಅಪ್ಪ ನೋಟುಬುಕ್ಕು ಕೊಟ್ಟರು. ಅವನು ಬಿಚ್ಚಿ ನೋಡಿದ. ಮೊದಲ ನಾಲ್ಕು ಪುಟಗಳ ತುಂಬ ಕೆಂಪು ಗೀಟು, ಮುಂದೆ ಅಲ್ಲೊಂದು ಇಲ್ಲೊಂದು.

“ಚನ್ನಪ್ಪಾ, ಪೂರಾ ಓದಿದೆ. ಮೊದಲ ನಾ ಓದಿದ ರೀತಿ ಸರಿ ಇರಲಿಲ್ಲ” ಎಂದರು ಅಪ್ಪ. ಅವರ ಬಾಯಿಂದ ಅಂಥ ಮಾತು ಹೊರಡಲು ಎಷ್ಟು ಕಷ್ಟವಾಯಿತೆಂಬುದು ಬಾಜು ನಿಂತ ನನಗೆ ಕಾಣುತ್ತಿತ್ತು. “ಭಾಳ ಚಲೋ ಐತಿ. ರವಿವಾರಕ್ಕೊಮ್ಮೆ ಬಾ. ಇಬ್ಬರೂ ಕೂತು ತಿದ್ದೂಣು. ಅಚ್ಚ ಹಾಕಸೂಣು.”

“ಇರ್ಲಿ ಬಿಡ್ರಿ ದಾಜೀ. ನಿಮಗ್ಯಾಕ ತ್ರಾಸ. ಸುಮ್ನ ಹುಡುಗಾಟಕ್ಕ ಬರದಿದ್ದೆ.”

ಅಪ್ಪ ಮತ್ತೆ ಮತ್ತೆ ಹೇಳಿದರು. ಅವನು ಹೂಂ ಹೂಂ ಎಂದ, ನಮಗೆ ಚಹಾ ತರಿಸಿದ, ನನ್ನ ಜಡೆ ಎಳೆದು ಯಾವ ತರಗತಿ ಎಂದು ವಿಚಾರಿಸಿದ. ರವಿವಾರ ಬರಲಿಲ್ಲ. ಯಾವ ರವಿವಾರವೂ ಬರಲಿಲ್ಲ. ನಾಗರ ಪಂಚಮಿಗೆ ಅವ್ವನನ್ನು ತವರಿಗೆ ಕರೆಯಲು ಬಂದಾಗ ನೋಟುಬುಕ್ಕನ್ನು ಅವಳ ಕೈಗೆ ಕೊಟ್ಟು, ನಿನ್ನ ಹತ್ತಿರವೇ ಇರಲಿ ಎಂದ. ಅಪ್ಪ ಇರುವತನಕ ಅವರಿಬ್ಬರ ನಡುವೆ ಒಂದು ಕೆಟ್ಟ ಮಾತು ಬರಲಿಲ್ಲ. ಬರೆಯುವ ಮಾತೂ ಬರಲಿಲ್ಲ.

ನಮ್ಮ ಮನೆಯ ರವಿವಾರಗಳು ಅಲ್ಲಿಂದ ಬದಲಾದವು. ಪತ್ರಿಕೆ ಬರುತ್ತಿತ್ತು, ಅವ್ವ ಬಂದು ಚಾಪೆಯ ಮೇಲೆ ಕೂಡುತ್ತಿದ್ದಳು, ಅಪ್ಪ ಧಾರಾವಾಹಿಯನ್ನು ಸುಮ್ಮನೆ ಓದಿ ಮುಗಿಸುತ್ತಿದ್ದರು. ಕೆಲವು ತಿಂಗಳಿಗೆ ಅದೂ ನಿಂತಿತು. ಇದನ್ನು ಬರೆಯುವಾಗ ಒಂದು ಮಾತು ಮುಚ್ಚಿಡಬಾರದು. ನನಗೆ ಬಹಳ ದಿನ ಅವ್ವನ ಮೇಲೆ ಸಿಟ್ಟಿತ್ತು. ಅವಳು ಮಾಡಿದ್ದು ಸರಿಯೆಂದು ಗೊತ್ತಿತ್ತು. ಆದರೂ ಅಪ್ಪನ ನಗುವನ್ನು ನನ್ನಿಂದ ಕಸಿದುಕೊಂಡಳೆಂದು ಒಳಗೊಳಗೇ ಕುದಿಯುತ್ತಿದ್ದೆ. ಅಪ್ಪ ಮತ್ತೆ ಹಾಗೆ ವಾಲಿ ನಗಲಿಲ್ಲ. ಅವರಿಗೆ ನಗಲು ಬೇರೆ ದಾರಿ ಗೊತ್ತಿರಲಿಲ್ಲವೆಂದು ಈಗ ಅನಿಸುತ್ತದೆ.

ನಾನು ಅಪ್ಪನ ಹಾಗೆ ಕನ್ನಡ ಕಲಿಸುವವಳಾದೆ. ಪತ್ರಿಕೆಗಳಿಗೆ ಪುಸ್ತಕ ವಿಮರ್ಶೆ ಬರೆದೆ. ನನ್ನ ವಿಮರ್ಶೆಗಳು ಹರಿತವೆಂದು ಹೆಸರಾದವು. ಜನ ಅವನ್ನು ಓದಿ ನಗುತ್ತಿದ್ದರು, ಮೂಲ ಪುಸ್ತಕವನ್ನು ಯಾರೂ ತೆರೆಯುತ್ತಿರಲಿಲ್ಲ. ಕೊನೆಯ ಪುಟದವರೆಗೆ ಓದದೆ ಬರೆಯುವುದಿಲ್ಲ ಎಂಬ ನಿಯಮವನ್ನೇನೋ ಇಟ್ಟುಕೊಂಡೆ. ಆದರೆ ಕಣ್ಣು ತಪ್ಪನ್ನೇ ಹುಡುಕುತ್ತಿರುವಾಗ ಕೊನೆಯ ಪುಟ ಮುಟ್ಟಿದರೂ ಓದಿದಂತಾಗುವುದಿಲ್ಲ ಎಂಬುದು ತಿಳಿಯುವಷ್ಟರಲ್ಲಿ ತಲೆ ಬೆಳ್ಳಗಾಗಿತ್ತು. ಈಗಲೂ ಬೆಳಗಾವಿಯದೇ ರಾಮತೀರ್ಥ ನಗರದ ಈ ಮನೆಯಲ್ಲಿ ಮುಂಜಾನೆ ಚಹಾದ ಜೊತೆ ಮೊಬೈಲ್ ತೆರೆದು, ನನಗೆ ಸೇರದ ಒಬ್ಬಿಬ್ಬರು ಏನು ಬರೆದಿದ್ದಾರೆಂದು ಮೊದಲು ಹುಡುಕುತ್ತೇನೆ. ಯಾರೂ ನೋಡದಿದ್ದರೂ ಎಡಹುಬ್ಬು ಏರುತ್ತದೆ.

ಅವ್ವ ತೀರಿಕೊಂಡು ಮೂರು ವರ್ಷವಾಯಿತು. ಅವಳ ಟ್ರಂಕಿನಿಂದ ನೋಟುಬುಕ್ಕು ನನ್ನ ಕೈಗೆ ಬಂತು. ಹೋದ ತಿಂಗಳು ಅದನ್ನು ಒಬ್ಬಳೇ ಕೂತು, ಪೆನ್ಸಿಲ್ ಹಿಡಿಯದೆ ಓದಿದೆ. ಓದಿ ಮುಗಿಸಿದ ಮರುದಿನ ಖಾನಾಪುರಕ್ಕೆ ಹೋದೆ. ಮಾಮಾನಿಗೆ ಈಗ ಎಪ್ಪತ್ತು ದಾಟಿದೆ. ಅವತ್ತು ಹೆಸರಿಟ್ಟ ಆ ಮಗಳು ಅಳಿಯನೊಡನೆ ಅದೇ ಮನೆಯಲ್ಲಿದ್ದಾಳೆ. ಮೊಮ್ಮಕ್ಕಳ ಗಲಾಟೆಯ ನಡುವೆ ಅವನು ಆರಾಮಾಗಿದ್ದಾನೆ. ಊಟವಾದ ಮೇಲೆ ಕಟ್ಟೆಯ ಮೇಲೆ ಇಬ್ಬರೇ ಕೂತಾಗ, ಇಷ್ಟು ವರ್ಷ ಹೇಳದೆ ಉಳಿದಿದ್ದನ್ನು ಹೇಳಿದೆ. ಅವನು ಸಮಾಧಾನದಿಂದ ಕೇಳಿಸಿಕೊಂಡ.

“ನೀ ಸಣ್ಣಾಕಿ ಇದ್ದಿ. ನಿನ್ನ ಮ್ಯಾಲ ನನಗ ಸಿಟ್ಟ ಇರಲಿಲ್ಲವಾ, ಆವಾಗೂ ಇರಲಿಲ್ಲ. ದಾಜಿ ಮ್ಯಾಲೂ ಇರಲಿಲ್ಲ” ಎಂದ. ಆಮೇಲೆ, “ಮುಂದ ಒಂದೆರಡ ಸಲ ಬರಿಯಾಕ ಕುಂತಿದ್ದೆ. ಒಂದ ಸಾಲ ಬರೀತಿದ್ದೆ. ನೀವು ನಗೂದು ಕೇಳಿಸಿದಂಗ ಆಗತಿತ್ತು. ಎದ್ದು ಹೋಗಿ ಬಿಡತಿದ್ದೆ” ಎಂದ.

ನಾನು ಕ್ಷಮೆ ಕೇಳಿದೆ. ಅವನು ನನ್ನ ಕೈ ಹಿಡಿದು ಅದುಮಿದ. ಅದು ಕ್ಷಮೆಯೇ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೂ ಸುಮ್ಮನಿರಲಾಗಲಿಲ್ಲ.

“ಎರಡನೇದ್ದು ಏನ ಬರೀಬೇಕಂತ ಮಾಡಿದ್ದಿ ಮಾಮಾ?”

“ಭಟ್ಟಿ ಮ್ಯಾಲ” ಎಂದ ಕೂಡಲೇ. ಅವನ ಮುಖ ಬೆಳಗಿತು. “ಬೆಂಕಿ ಬಣ್ಣಾ ನೋಡಿ ಒಳಗಿನ ಹಂಚ ಬೆಂದಾವೋ ಇಲ್ಲೋ ಅಂತ ಹೇಳತಿದ್ದ ಒಬ್ಬ ಮುದುಕ ಇದ್ದ. ನನಗ ಕಲಿಸಿದಾಂವ. ಅವನ ಕಥಿ. ಎಲ್ಲಾ ತಲ್ಯಾಗ ತಯಾರ ಇತ್ತು.”

“ಹೆಂಗ ಸುರು ಆಗತಿತ್ತು?”

ಮಾಮಾ ಹೇಳಲೆಂದು ಬಾಯಿ ತೆರೆದ. ಕಣ್ಣು ಸಣ್ಣದು ಮಾಡಿ ರಸ್ತೆಯ ಕಡೆ ನೋಡಿದ. ತುಟಿ ಒಂದೆರಡು ಸಲ ಅಲುಗಿತು. ನಾನು ಕಾದೆ.

“ಮರತೇ ಹೋತವಾ” ಎಂದ.